ಡ್ರೇನ್ ಪ್ಲಗ್ 12 ಅಲ್ಲ, 14ಊ ಅಲ್ಲ: ಈ ತೂತಿಗೆ ಯಾವ ಪ್ಲಗ್ ಸ್ವಾಮಿ?

ಸೆಕೆಂಡ್‌ಹ್ಯಾಂಡ್ ಸವಾರ

ಎಲ್ಲರಿಗೂ ನಮಸ್ಕಾರ. ಒಂದು ಹಳೇ ಹೋಂಡಾ ಸಿಂಗಲ್ ಸಿಲಿಂಡರ್ ಬೈಕ್ ನನ್ನ ಕೈಗೆ ಬಂದು ಎರಡು ತಿಂಗಳಾಯ್ತು. ನನಗಿಂತ ಮುಂಚೆ ಎಷ್ಟು ಕೈ ದಾಟಿದೆಯೋ ಗೊತ್ತಿಲ್ಲ. ಎಂಜಿನ್ ಸದ್ದು ಚೆನ್ನಾಗಿದೆ, ಎಳೆತ ಚೆನ್ನಾಗಿದೆ. ಆದರೆ ರಾತ್ರಿ ನಿಲ್ಲಿಸಿ ಬೆಳಗ್ಗೆ ನೋಡಿದರೆ ನೆಲದ ಮೇಲೆ ಬೊಟ್ಟಿಟ್ಟ ಹಾಗೆ ಎರಡು ಹನಿ ಆಯಿಲ್. ಡ್ರೇನ್ ಪ್ಲಗ್ (ಹಳೇ ಆಯಿಲ್ ಇಳಿಸಲು ಎಂಜಿನ್ ಅಡಿಯಲ್ಲಿರುವ ಬೋಲ್ಟ್) ಹತ್ತಿರವೇ ಸೋರುತ್ತಿದೆ ಅಂತ ಒರೆಸಿ, ಟಾರ್ಚ್ ಹಾಕಿ ಖಾತ್ರಿ ಮಾಡಿಕೊಂಡೆ.

ಆಯಿಲ್ ಬದಲಿಸುವ ಹೊತ್ತಿಗೆ ಪ್ಲಗ್ ಬಿಚ್ಚಿದೆ. ತಲೆ ಪೂರ್ತಿ ಉರುಟಾಗಿದೆ, ರಿಂಗ್ ಸ್ಪ್ಯಾನರ್ ಕೂರುವುದೇ ಇಲ್ಲ, ಪೈಪ್ ರೆಂಚ್ ಹಾಕಿ ಬಿಚ್ಚಬೇಕಾಯ್ತು. ಪಾರ್ಟ್ಸ್ ಪುಸ್ತಕ ನೋಡಿ 92800-12000 ಪ್ಲಗ್ ಮತ್ತು 94109-12000 ವಾಷರ್ ತರಿಸಿದೆ. ಹಾಕಲು ಹೋದರೆ, ತಿರುಗಿಸುವ ಪ್ರಶ್ನೆಯೇ ಇಲ್ಲ! ಸುಮ್ಮನೆ ತಳ್ಳಿದರೆ ಅರ್ಧ ಒಳಗಿಳಿಯುತ್ತೆ, ಅಲ್ಲಾಡುತ್ತೆ. ಸ್ನೇಹಿತನ ಬಳಿ 14 ಮಿ.ಮೀ. ಪ್ಲಗ್ ಒಂದಿತ್ತು, ಅದು ತೂತಿನ ಬಾಯಿಗೇ ಹಿಡಿಯುತ್ತಿಲ್ಲ.

ಹಳೇ ಪ್ಲಗ್ಗನ್ನು ದಪ್ಪ ಅಳೆಯುವ ವರ್ನಿಯರ್‌ನಲ್ಲಿ ಹಿಡಿದರೆ 13ರ ಆಸುಪಾಸು ತೋರಿಸುತ್ತಿದೆ. 13 ಮಿ.ಮೀ. ಡ್ರೇನ್ ಪ್ಲಗ್ ಅಂತ ಇರುತ್ತಾ? ಸದ್ಯಕ್ಕೆ ಬೈಕ್ ಹೊಟ್ಟೆ ಖಾಲಿ ಮಾಡಿಕೊಂಡು ನಿಂತಿದೆ.

ಗ್ರೀಸ್‌ಕೈ

ಗುರು, ತಲೆ ಕೆಡಿಸ್ಕೋಬೇಡ. ಅದು ಸವೆದ 14. ಚೇಂಬರ್ (ಆಯಿಲ್ ತುಂಬಿರೋ ಎಂಜಿನ್ ಹೊಟ್ಟೆ) ಥ್ರೆಡ್ಡೂ ಸ್ವಲ್ಪ ಹಾಳಾಗಿರುತ್ತೆ, ಅದಕ್ಕೇ ಹೊಸದು ಬಾಯಿ ಹಿಡೀತಿಲ್ಲ. ಎಂ14 × 1.5 (14 ಮಿ.ಮೀ. ದಪ್ಪ, 1.5 ಪಿಚ್) ಟ್ಯಾಪ್, ಅಂದ್ರೆ ಥ್ರೆಡ್ ಕೊರೆಯೋ ಸಾಧನ, ಒಂದ್ಸಲ ಬಿಟ್ಟು ತೆಗೆ, ಹೊಸ 14 ಪ್ಲಗ್ ಹಾಕು. ಹತ್ತು ನಿಮಿಷದ ಕೆಲಸ.

ಪಿಚ್‌ಗೇಜ್

ಗ್ರೀಸ್‌ಕೈ ಅವರೇ, ಸ್ವಲ್ಪ ತಡೀರಿ. ಯಾವ ಬೋಲ್ಟೂ ಅದರ ಹೆಸರಿನಷ್ಟು ದಪ್ಪ ಇರಲ್ಲ, ಕೊಂಚ ಕಮ್ಮಿಯೇ. ಒಳ್ಳೆಯ ಎಂ14 × 1.5 ಬೋಲ್ಟ್ ಅಳೆದರೆ 13.73ರಿಂದ 13.97ರ ಒಳಗೆ ಬರಬೇಕು. 13ಕ್ಕೆ ಇಳಿಯಬೇಕಾದರೆ ಥ್ರೆಡ್‌ನ ತುದಿಯೆಲ್ಲ ಬೋಳಾಗಿರಬೇಕು. ಉಕ್ಕಿನ ಪ್ಲಗ್ ಅಲ್ಯೂಮಿನಿಯಂ ಚೇಂಬರ್‌ನಲ್ಲಿ ಕೂತು ಅಷ್ಟು ಸವೆಯುತ್ತಾ? ಸವೆದರೆ ಚೇಂಬರ್ ಸವೆಯಬೇಕು, ಪ್ಲಗ್ ಅಲ್ಲ. ದಯವಿಟ್ಟು ಈಗಲೇ ಟ್ಯಾಪ್ ಹಾಕಿಸಬೇಡಿ. ಒಮ್ಮೆ ಕೊರೆದ ಲೋಹ ವಾಪಸ್ ಬರಲ್ಲ.

ಸವಾರರೇ, ನೀವು ದಪ್ಪ ಹೇಳಿದಿರಿ, ಪಿಚ್ ಹೇಳಲಿಲ್ಲ. ಅಂದರೆ ಒಂದು ಥ್ರೆಡ್ಡಿನ ತುದಿಯಿಂದ ಪಕ್ಕದ ಥ್ರೆಡ್ಡಿನ ತುದಿಗೆ ಎಷ್ಟು ದೂರ. ದಪ್ಪಕ್ಕಿಂತ ಅದೇ ಮುಖ್ಯ. ಒಂದೊಂದಾಗಿ ಅಳೆಯಲು ಹೋಗಬೇಡಿ, ಕಣ್ಣಿಗೆ ಸಿಗಲ್ಲ. ಒಂದು ತುದಿಯಿಂದ ಶುರು ಮಾಡಿ ಆರು ಅಂತರ ಎಣಿಸಿ (ಏಳು ತುದಿ ಬರುತ್ತೆ), ಒಟ್ಟು ಉದ್ದ ಅಳೆಯಿರಿ. 9 ಮಿ.ಮೀ. ಬಂದರೆ 1.5 ಪಿಚ್, 7.5 ಬಂದರೆ 1.25. ಬೇರೆ ಏನಾದರೂ ಬಂದರೆ ಬಂದು ಹೇಳಿ, ಆಗ ಮಜಾ ಇದೆ.

ಥ್ರೆಡ್ ಗೇಜ್ ಇಲ್ಲದಿದ್ದರೂ ಒಂದು ಗೇಜ್ ನಿಮ್ಮ ಬೈಕಲ್ಲೇ ಇದೆ: ಸ್ಪಾರ್ಕ್ ಪ್ಲಗ್. 14 ಮತ್ತು 12 ಮಿ.ಮೀ. ಸ್ಪಾರ್ಕ್ ಪ್ಲಗ್ ಎರಡಕ್ಕೂ ಪಿಚ್ 1.25, 10 ಮಿ.ಮೀ. ಪ್ಲಗ್‌ಗೆ 1.0. ಸ್ಪಾರ್ಕ್ ಪ್ಲಗ್ಗನ್ನೂ ಡ್ರೇನ್ ಪ್ಲಗ್ಗನ್ನೂ ಹಲ್ಲಿಗೆ ಹಲ್ಲು ಕೂರುವ ಹಾಗೆ ಅಡ್ಡ ಒತ್ತಿ ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ಕಾಣದಿದ್ದರೆ ಪಿಚ್ ಒಂದೇ.

ಒಂಟಿ ಸಿಲಿಂಡರ್

13 ಮಿ.ಮೀ. ಪ್ಲಗ್ ಇರುತ್ತಾ ಅಂದರೆ, ಇರುತ್ತೆ. 12ರ ಥ್ರೆಡ್ ಕಿತ್ತುಹೋದ ಎಂಜಿನ್‌ಗಳಿಗೆ ಅಂತಲೇ ಓವರ್‌ಸೈಜ್ ಪ್ಲಗ್ ಮಾರುತ್ತಾರೆ. ತಾನೇ ಥ್ರೆಡ್ ಕೊರೆದುಕೊಂಡು ಹೋಗುವ ಜಾತಿಯದು, ಮೂತಿಯಲ್ಲಿ ಉದ್ದಕ್ಕೆ ಒಂದು ಸೀಳು ಇರುತ್ತೆ. ನನಗೆ ಅದನ್ನು ಕಂಡರಾಗಲ್ಲ. ಮೊದಲನೇ ಸಲ ಹಿಡಿಯುತ್ತೆ, ಮೂರನೇ ಸಲ ಆಯಿಲ್ ಬದಲಿಸುವಾಗ ಕೈಗೆ ಬರುತ್ತೆ. ನಿಮ್ಮ ಪ್ಲಗ್‌ನಲ್ಲಿ ಸೀಳು ಇದೆಯಾ ನೋಡಿ.

ಕಬ್‌ಪ್ರೇಮಿ

ಇನ್ನೊಂದು ಅನುಮಾನ: ನೀವು ಬಿಚ್ಚಿದ್ದು ಡ್ರೇನ್ ಪ್ಲಗ್ಗೇ ತಾನೇ? ಹೋಂಡಾ ಕಬ್ ಜಾತಿಯ ಎಂಜಿನ್‌ನಲ್ಲಿ ಹೊಟ್ಟೆಯ ಕೆಳಗೆ ಇನ್ನೊಂದು ಬೋಲ್ಟ್ ಇರುತ್ತೆ, ಎಂಜಿನ್ ಒಳಗಿನ ಕ್ಯಾಮ್ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್‌ದು. ಅದನ್ನು ಬಿಚ್ಚಿದರೆ ಸ್ಪ್ರಿಂಗೂ ಸಲಾಕೆಯೂ ಆಯಿಲ್ ಜೊತೆ ಬಾಣಲೆಗೆ ಬೀಳುತ್ತೆ. ನಾನು ಬೀಳಿಸಿದ್ದೇನೆ. ಆಮೇಲೆ ಯಾವುದು ಮೇಲೆ ಯಾವುದು ಕೆಳಗೆ ಅಂತ ಒಂದು ಭಾನುವಾರ ಪೂರ್ತಿ ಅದೇ ಆಟ.

ಸೆಕೆಂಡ್‌ಹ್ಯಾಂಡ್ ಸವಾರ

ಕಬ್‌ಪ್ರೇಮಿ, ಇದು ಕಬ್ ಅಲ್ಲ. ಸ್ಪ್ರಿಂಗ್ ಏನೂ ಬೀಳಲಿಲ್ಲ, ಪುಣ್ಯಕ್ಕೆ. ಬಂದದ್ದು ಕಪ್ಪು ಆಯಿಲ್ ಮಾತ್ರ.

ಒಂಟಿ ಸಿಲಿಂಡರ್, ಸೀಳು ಇಲ್ಲ.

ಪಿಚ್‌ಗೇಜ್ ಹೇಳಿದ ಹಾಗೆ ಪ್ಲಗ್ಗನ್ನು ಬ್ರಷ್‌ನಲ್ಲಿ ಉಜ್ಜಿ ತೊಳೆದೆ. ಥ್ರೆಡ್ ಸಂದಿಯಿಂದ ಬಿಳಿ ನಾರಿನಂಥದ್ದು ಎಳೆ ಎಳೆಯಾಗಿ ಬಂತು, ಮೊದಲು ಹತ್ತಿ ಅಂದುಕೊಂಡೆ. ಆರು ಅಂತರಕ್ಕೆ 8 ಮಿ.ಮೀ. ಬರುತ್ತಿದೆ, ಮೂರು ಸಲ ಅಳೆದೆ. ಒಂಬತ್ತೂ ಅಲ್ಲ, ಏಳೂವರೆಯೂ ಅಲ್ಲ! ಸ್ಪಾರ್ಕ್ ಪ್ಲಗ್ ಒತ್ತಿ ನೋಡಿದೆ: ಮೊದಲ ಎರಡು ಮೂರು ಹಲ್ಲು ಕೂತ ಹಾಗಿರುತ್ತೆ, ಆಮೇಲೆ ತಪ್ಪುತ್ತಾ ಹೋಗಿ ಆರನೇದರ ಹೊತ್ತಿಗೆ ಹಲ್ಲಿನ ನೆತ್ತಿಗೆ ಹಲ್ಲು.

ಇನ್ನೊಂದು ವಿಚಿತ್ರ. ದಪ್ಪ ಎಲ್ಲ ಕಡೆ ಒಂದೇ ಇಲ್ಲ. ಮೂತಿಯಲ್ಲಿ 12.7, ತಲೆಯ ಹತ್ತಿರ 13.3. ಮೂತಿ ಸವೆದಿರಬೇಕು ಅಂದುಕೊಂಡಿದ್ದೇನೆ.

ಪಿಚ್‌ಗೇಜ್

ಸಿಕ್ಕಿತು!

8ನ್ನು 6ರಿಂದ ಭಾಗಿಸಿ: 1.33. ಮೆಟ್ರಿಕ್‌ನಲ್ಲಿ ಅಂಥ ಪಿಚ್ ಇಲ್ಲ. ಇಂಚಿನ ಲೆಕ್ಕಕ್ಕೆ ತನ್ನಿ: 25.4ನ್ನು 1.33ರಿಂದ ಭಾಗಿಸಿದರೆ ಇಂಚಿಗೆ 19 ಥ್ರೆಡ್. 13ರ ಆಸುಪಾಸು ದಪ್ಪ, ಇಂಚಿಗೆ 19 ಅಂದರೆ ಅದು 1/4 ಬಿಎಸ್‌ಪಿ, ಬ್ರಿಟಿಷ್ ಪೈಪ್ ಥ್ರೆಡ್. ಅದರ ಪುಸ್ತಕದ ಅಳತೆ 13.157 ಮಿ.ಮೀ., ಪಿಚ್ 1.337. ಕಾಲು ಇಂಚು ಅಂದರೆ 6.35 ಮಿ.ಮೀ. ತಾನೇ, 13 ಎಲ್ಲಿಂದ ಬಂತು ಅಂತ ಕೇಳಬೇಡಿ. ಆ ಕಾಲು ಇಂಚು ಹಿಂದಿನ ಕಾಲದ ಪೈಪಿನ ಒಳಗಿನ ತೂತಿನ ಲೆಕ್ಕ, ಹೊರಗಿನ ಥ್ರೆಡ್ಡಿನದಲ್ಲ. ಪೈಪ್ ಥ್ರೆಡ್ಡಿನಲ್ಲಿ ಎಲ್ಲರೂ ಎಡವುವುದು ಇಲ್ಲೇ.

ಅಮೆರಿಕದ ಪೈಪ್ ಥ್ರೆಡ್, 1/4 ಎನ್‌ಪಿಟಿ ಇರಬಹುದಾ? ಅದಕ್ಕೆ ಇಂಚಿಗೆ 18, ಆರು ಅಂತರಕ್ಕೆ 8.47 ಬರಬೇಕಿತ್ತು, ದಪ್ಪವೂ 13.7. ಹಾಗಾಗಿ ಅಲ್ಲ.

ಇನ್ನು ಮೂತಿ ಸವೆದಿಲ್ಲ. ಅದು ಹುಟ್ಟಿನಿಂದಲೇ ಹಾಗೆ. ಅದು ಟೇಪರ್ ಪ್ಲಗ್! ಪೈಪ್ ಥ್ರೆಡ್ಡಿನ ಟೇಪರ್ 16ಕ್ಕೆ 1, ಅಂದರೆ 16 ಮಿ.ಮೀ. ಉದ್ದಕ್ಕೆ ದಪ್ಪ 1 ಮಿ.ಮೀ. ಏರುತ್ತೆ. ನಿಮಗೆ 0.6 ವ್ಯತ್ಯಾಸ ಬಂದಿದೆ, ಹಾಗಾದರೆ ನಿಮ್ಮ ಪ್ಲಗ್‌ನ ಥ್ರೆಡ್ ಉದ್ದ 10 ಮಿ.ಮೀ. ಹತ್ತಿರ ಇರಬೇಕು. ಇದೆಯಾ? ಮತ್ತೆ ಆ ಬಿಳಿ ನಾರು ಹತ್ತಿಯಲ್ಲ, ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪು.

ಸೆಕೆಂಡ್‌ಹ್ಯಾಂಡ್ ಸವಾರ

ಥ್ರೆಡ್ ಉದ್ದ 10. ನೀವು ನನ್ನ ಪಕ್ಕದಲ್ಲೇ ಕೂತು ನೋಡುತ್ತಿದ್ದೀರಾ?

ಆದರೆ ಹೋಂಡಾದವರು ಬ್ರಿಟಿಷ್ ಪೈಪ್ ಥ್ರೆಡ್ ಯಾಕೆ ಹಾಕಿದರು?

ಲೇತ್‌ಮಿತ್ರ

ಹೋಂಡಾದವರು ಹಾಕಿಲ್ಲ ರೀ. ಅವರು ಹಾಕಿದ್ದು ಎಂ12 × 1.5. ಆ ಪಾರ್ಟ್ ನಂಬರೇ ಹೇಳ್ತೈತಿ: ಹೋಂಡಾದಲ್ಲಿ 9ರಿಂದ ಶುರುವಾಗೋದು ನಟ್ಟು, ಬೋಲ್ಟು, ವಾಷರ್ ಇಂಥ ಸಾಮಾನಿನ ನಂಬರ್. 92800-12000ದಾಗ ಗೆರೆ ಆದಮ್ಯಾಲಿನ 12 ಅಂದ್ರ 12 ಮಿ.ಮೀ. ಯಮಹಾದ 90340-14 ಅಂತ ಶುರುವಾಗೋ ಪ್ಲಗ್‌ನಾಗೂ, ಸುಜುಕಿಯ 09247-14ರಾಗೂ ಹಂಗ, 14 ಅಂದ್ರ 14. ಕವಾಸಕಿಯ 92066 ನಂಬರ್‌ನಾಗ ಮಾತ್ರ ಅಳತಿ ಕಾಣಂಗಿಲ್ಲ, ಅಳದ ನೋಡಬೇಕು.

ನಿಮ್ಮ ಬೈಕಿನ ಕಥಿ ಹಿಂಗಾಗಿರಬೇಕು. ಯಾವನೋ ಒಬ್ಬ ಜೋರ್ ಮಾಡಿ ಬಿಗದಾನ, ಎಂ12 ಥ್ರೆಡ್ ಕಿತ್ತು ಬಂದೈತಿ. ಅವನ ಕೈಯಾಗ ಇದ್ದದ್ದು ಪೈಪ್ ಟ್ಯಾಪ್. ನೀರಿನ ಪೈಪು, ಏರ್ ಕಂಪ್ರೆಸರ್, ಹೈಡ್ರಾಲಿಕ್ಕು ಎಲ್ಲಾ ಕಡಿ ಅದ ಥ್ರೆಡ್ ಓಡ್ತೈತಿ, ಹಂಗಾಗಿ ಟ್ಯಾಪ್ ಎಲ್ಲಾರ ಹತ್ರಾನೂ ಇರ್ತೈತಿ. 1/4 ಬಿಎಸ್‌ಪಿಗೆ ಮೊದಲ 11.8 ಡ್ರಿಲ್ ಬೇಕು. ಎಂ12 ಕಿತ್ತುಹೋದ ತೂತು ಹೆಚ್ಚುಕಮ್ಮಿ ಅಷ್ಟ ಇರ್ತೈತಿ, ಡ್ರಿಲ್ ಹಾಕೋ ಕೆಲಸಾನೂ ಉಳೀತು. ಟ್ಯಾಪ್ ಬಿಟ್ಟ, ಪೈಪಿನ ಬಾಯಿ ಮುಚ್ಚೋ ಡಮ್ಮಿ ಹಾಕಿದ, ಟೇಪ್ ಸುತ್ತಿದ, ಕೈ ತೊಳಕೊಂಡ. ಟಾರ್ಚ್ ಹಿಡಿದು ತೂತಿನ ಒಳಗ ನೋಡ್ರಿ. ಥ್ರೆಡ್ಡಿನ ನೆತ್ತಿ ಚೂಪಾಗಿ ಇರಂಗಿಲ್ಲ, ಹಳೇ 12ರ ಗೆರಿ ಅಲ್ಲಲ್ಲಿ ಅಡ್ಡ ಹಾದ ಹಂಗ ಕಾಣ್ತೈತಿ.

ಗ್ರೀಸ್‌ಕೈ

ಸರಿ ಸರಿ, ಸವೆದ 14 ಅಂದಿದ್ದು ವಾಪಸ್ ತಗೊಂಡೆ. ಆದ್ರೂ ಪರಿಹಾರ ಅದೇ ತಾನೇ? 12.5 ಡ್ರಿಲ್, ಎಂ14 × 1.5 ಟ್ಯಾಪ್, 14ರ ಪ್ಲಗ್ ಎಲ್ಲಿ ಬೇಕಾದ್ರೂ ಸಿಗುತ್ತೆ.

ಲೇತ್‌ಮಿತ್ರ

ಲೆಕ್ಕ ಹಾಕ್ರಿ ಗ್ರೀಸ್‌ಕೈ. ಎಂ14 × 1.5 ಒಳಥ್ರೆಡ್ ಅಂದ್ರ ಸುಮಾರು 12.4ರಿಂದ 14ರ ತನಕ ಲೋಹ ಬೇಕು. ಅಲ್ಲಿ ಈಗಾಗಲೇ 13.2, 13.3ರ ತನಕ ಬ್ಯಾರೆ ಪಿಚ್ಚಿನ ಕಾಲುವಿ ತೋಡಿ ಇಟ್ಟಾರ. ಉಳಿಯೋದು ಒಂದೊಂದು ಬದಿಗೆ 0.4 ಮಿ.ಮೀ. ಗಟ್ಟಿ ಲೋಹ, ಅದರ ಕೆಳಗಿಂದೆಲ್ಲಾ ಹಲ್ಲು ಬಿದ್ದ ಬಾಯಿ ಇದ್ದಂಗ. ಹಿಡಿಯಂಗಿಲ್ಲ ಅಂತಲ್ಲ, ಅರ್ಧ ಹಿಡೀತೈತಿ. ನಾ ಮಾಡಿದ್ರ 14.5 ಡ್ರಿಲ್ ಹಾಕಿ ಎಂ16 × 1.5 ಥ್ರೆಡ್ ತಗೀತೀನಿ, ಹಳೇದೆಲ್ಲಾ ಹೋಗ್ತೈತಿ. ಅದಕ್ಕ ಹೊರಗ ಎಂ16, ಒಳಗ ಎಂ12 × 1.5 ಇರೋ ಉಕ್ಕಿನ ಬುಷ್ (ಕೊಳವಿಯಂಥಾ ತುಂಡು) ಕಟದು, ಲಾಕ್ ಮಾಡಿ ಕೂರಸ್ತೀನಿ. ಕಂಪನಿ ಪ್ಲಗ್ಗ ಹಾಕಬಹುದು, ಥ್ರೆಡ್ ಮೊದಲಿನಕಿಂತ ಗಟ್ಟಿ. ಆದ್ರ ತೂತಿನ ಸುತ್ತ ಗೋಡಿ ಎಷ್ಟ ದಪ್ಪ ಐತಿ ಅಂತ ಮೊದಲ ಅಳೀಬೇಕು. ತೆಳ್ಳಗಿದ್ರ ಆ ಕಡಿ ಹೋಗಬ್ಯಾಡ್ರಿ.

ನೀಲಿ ಹೆಲ್ಮೆಟ್

ಎಲ್ಲರೂ ಥ್ರೆಡ್ ಬಗ್ಗೆ ಮಾತಾಡ್ತಿದ್ದೀರಿ. ನನಗೆ ಭಯ ಆಗ್ತಿರೋದು ಬೇರೆಯದಕ್ಕೆ. ಟೇಪರ್ ಪ್ಲಗ್ ಅಂದರೆ ಬೆಣೆ. ಸೌದೆ ಸೀಳುವಾಗ ಬೆಣೆ ಹೊಡೆಯುತ್ತೀವಲ್ಲ, ಬಿಗಿದಷ್ಟೂ ಅದೇ ಕೆಲಸ ಅದು ಚೇಂಬರ್ ಮೇಲೆ ಮಾಡುತ್ತೆ. ಉಕ್ಕಿನ ಪೈಪಿಗೆ ಅದು ಸರಿ. ಅಲ್ಯೂಮಿನಿಯಂ ಎರಕದಲ್ಲಿ, ಅದೂ ಪ್ರತಿ ಸಲ ಸೋರಿದಾಗ ಇನ್ನೊಂದು ಸುತ್ತು ಬಿಗಿಯುತ್ತಾ ಬಂದಿದ್ದರೆ, ತೂತಿನ ಅಂಚಿನಿಂದ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಪ್ಲಗ್ ಹುಡುಕುವ ಮುಂಚೆ ಅದನ್ನು ನೋಡಿ.

ಸುಲಭದ ಪರೀಕ್ಷೆ: ತೂತಿನ ಸುತ್ತ ಚೆನ್ನಾಗಿ ತೊಳೆದು ಒಣಗಿಸಿ. ತೆಳು ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಆಮೇಲೆ ಹೊರಗಿಂದ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ತೆಳ್ಳಗೆ ಬಳಿಯಿರಿ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಸುಣ್ಣಕ್ಕೆ ಹೀರಿಕೊಂಡು ಕಪ್ಪು ಗೆರೆ ಮೂಡುತ್ತೆ. ಗೆರೆ ಬಂದರೆ ಯಾವ ಪ್ಲಗ್ಗೂ ಪ್ರಯೋಜನ ಇಲ್ಲ, ವೆಲ್ಡಿಂಗ್ ಮಾಡುವವರ ಹತ್ತಿರ ಹೋಗಬೇಕು.

ಸೆಕೆಂಡ್‌ಹ್ಯಾಂಡ್ ಸವಾರ

ಸುಣ್ಣದ ಪರೀಕ್ಷೆ ಮಾಡಿದೆ. ರಾತ್ರಿ ಬಳಿದು ಬೆಳಗ್ಗೆ ನೋಡಿದೆ. ತೂತಿನ ಅಂಚಿಗೆ ಉಂಗುರದ ಹಾಗೆ ತೆಳುವಾಗಿ ಎಣ್ಣೆ ಮೂಡಿದೆ, ಅದು ಥ್ರೆಡ್‌ನಿಂದ ಬಂದದ್ದು. ಹೊರಕ್ಕೆ ಹೋಗುವ ಗೆರೆ ಒಂದೂ ಇಲ್ಲ. ಭೂತಕನ್ನಡಿ ಹಿಡಿದು ನೋಡಿದ ಮೇಲೇ ಉಸಿರು ಬಿಟ್ಟೆ.

ಲೇತ್‌ಮಿತ್ರ ಹೇಳಿದ ಹಳೇ 12ರ ಗೆರೆಗಳೂ ಕಾಣುತ್ತಿವೆ. ಥ್ರೆಡ್ಡಿನ ನೆತ್ತಿ ಚಪ್ಪಟೆ, ಅದರ ಮೇಲೆ ಉಗುರಿನಲ್ಲಿ ಗೀರಿದ ಹಾಗೆ ಓರೆ ಗೆರೆ. ಗೋಡೆ ತೆಳ್ಳಗಿನ ಕಡೆ ಸುಮಾರು 4 ಮಿ.ಮೀ. ಇದೆ. ತೂತಿನ ಬಾಯಿಂದ ಒಳ ಅಂಚಿಗೆ ತಂತಿ ಕೊಕ್ಕೆ ಮಾಡಿ ಅಳೆದೆ, 13 ಮಿ.ಮೀ.

ಬುಷ್ ಹಾಕಿಸಲು ಎಂಜಿನ್ ಇಳಿಸಬೇಕೇನೋ, ಅದಕ್ಕೆ ಮನಸ್ಸಾಗುತ್ತಿಲ್ಲ. ಬೇರೆ ದಾರಿ ಇದೆಯಾ? ಇದೇ ಜಾತಿಯ ಹೊಸ ಪ್ಲಗ್ ಟೇಪ್ ಸುತ್ತಿ ಹಾಕಿದರೆ ಆಗಲ್ವಾ?

ಪಿಚ್‌ಗೇಜ್

ಟೇಪ್ ಬೇಡವೇ ಬೇಡ. ಅದರ ಚೂರು ಒಳಗೆ ಬಿದ್ದರೆ ಹೋಗಿ ಕೂರುವುದು ಆಯಿಲ್ ಪಂಪಿನ ಜಾಲರಿಯಲ್ಲಿ.

ಬೇರೆ ದಾರಿ ಇದೆ, ಚೆನ್ನಾಗಿಯೂ ಇದೆ. 1/4 ಬಿಎಸ್‌ಪಿಯಲ್ಲಿ ಎರಡು ಜಾತಿ. ಒಂದು ಟೇಪರ್, ಇನ್ನೊಂದು ಪ್ಯಾರಲಲ್, ಅಂದರೆ ಮೂತಿಯಿಂದ ತಲೆವರೆಗೆ ಒಂದೇ ದಪ್ಪ. ಪ್ಯಾರಲಲ್‌ಗೆ ಜಿ 1/4 ಅಂತ ಬರೆದಿರುತ್ತಾರೆ, ಟೇಪರ್‌ಗೆ ಹೊರಥ್ರೆಡ್ಡಾದರೆ ಆರ್, ಒಳಥ್ರೆಡ್ಡಾದರೆ ಆರ್‌ಸಿ. ಈ ಎರಡರ ಸೀಲಿಂಗ್ ತತ್ವವೇ ಬೇರೆ. ಟೇಪರ್‌ನಲ್ಲಿ ಥ್ರೆಡ್ಡೇ ಸೀಲು. ಪ್ಯಾರಲಲ್‌ನಲ್ಲಿ ಥ್ರೆಡ್ ಹಿಡಿದುಕೊಳ್ಳುವುದಕ್ಕೆ ಮಾತ್ರ, ಆಯಿಲ್ ತಡೆಯುವುದು ತಲೆಯ ಕೆಳಗಿನ ವಾಷರ್. ನಿಮ್ಮ ಕಂಪನಿ ಎಂ12 ಪ್ಲಗ್ಗೂ ಇದೇ ತತ್ವದ್ದು, ಹಾಗಾಗಿ ವಾಷರ್ ಕೂರಲು ಚಪ್ಪಟೆ ಮುಖವನ್ನು ಕಾರ್ಖಾನೆಯಲ್ಲೇ ಮಾಡಿಕೊಟ್ಟಿದ್ದಾರೆ. ಪೈಪಿನ ಡಮ್ಮಿ ಹಾಕಿದವನು ಆ ಮುಖವನ್ನು ಉಪಯೋಗಿಸಲೇ ಇಲ್ಲ! ಹಳೇ 12ರ ಗೆರೆಗಳು ಥ್ರೆಡ್ಡಿಗೆ ಅಡ್ಡ ಹಾದಿರುವುದರಿಂದ ಆಯಿಲ್‌ಗೆ ಒಳದಾರಿ ಸಿಕ್ಕಿತು. ಎಷ್ಟು ಬಿಗಿದರೂ ಹನಿ ನಿಲ್ಲದಿದ್ದದ್ದು ಅದಕ್ಕೇ ಇರಬೇಕು.

ಹೈಡ್ರಾಲಿಕ್ ಸಾಮಾನು ಮಾರುವ ಕಡೆ ಜಿ 1/4 ಪ್ಲಗ್ ಕೇಳಿ. ಡಿಐಎನ್ ಅನ್ನುವುದು ಜರ್ಮನ್ ಸ್ಟ್ಯಾಂಡರ್ಡ್ ನಂಬರ್; ಡಿಐಎನ್ 908 ಅಂದರೆ ಅಲೆನ್ ಕೀ ಹಾಕುವ, ತಲೆಗೆ ಫ್ಲ್ಯಾಂಜ್ ಇರುವ ಪ್ಯಾರಲಲ್ ಪ್ಲಗ್. ಡಿಐಎನ್ 910 ಅದೇ, ಆದರೆ ಹೊರಗೆ ಆರು ಮೂಲೆಯ ತಲೆ. ಡಿಐಎನ್ 906 ಕೊಟ್ಟರೆ ತಗೋಬೇಡಿ, ಅದು ಫ್ಲ್ಯಾಂಜ್ ಇಲ್ಲದ ಟೇಪರ್, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೀರಿ. ಅಂಗಡಿಯಲ್ಲೇ ವರ್ನಿಯರ್ ಹಿಡಿದು ಮೂತಿ, ತಲೆ ಎರಡೂ ಕಡೆ ಅಳೆದು ತಗೊಳ್ಳಿ. ಜಿ 1/4 ಪ್ಲಗ್ ಜೊತೆ ಎಂ14 × 1.5 ಪ್ಲಗ್ ಬೆರೆಸಿ ಇಟ್ಟಿರುತ್ತಾರೆ, ಬರೀ ಕಣ್ಣಿಗೆ ಎರಡೂ ಅಣ್ಣ ತಮ್ಮ.

ಒಂಟಿ ಸಿಲಿಂಡರ್

ವಾಷರ್ ಬಗ್ಗೆ ಒಂದು ಮಾತು. ತಾಮ್ರದ್ದು ಹಾಕಬಹುದು, ಅಲ್ಯೂಮಿನಿಯಂ ಹಾಕಬಹುದು. ಸುತ್ತ ಲೋಹ, ಒಳಗೆ ರಬ್ಬರ್ ತುಟಿ ಇರುವ ಬಾಂಡೆಡ್ ವಾಷರ್ 1/4 ಬಿಎಸ್‌ಪಿ ಅಳತೆಗೇ ಸಿಗುತ್ತೆ, ಕಡಿಮೆ ಬಿಗಿತದಲ್ಲೇ ಸೀಲ್ ಆಗುತ್ತೆ. ಗಾಯವಾದ ಥ್ರೆಡ್ಡಿಗೆ ಅದು ಒಳ್ಳೆಯದು. ಆದರೆ ರಬ್ಬರ್ ಯಾವುದು ಅಂತ ಕೇಳಿ. ಸಾಮಾನ್ಯ ನೈಟ್ರೈಲ್ ಸುಮಾರು 100 ಡಿಗ್ರಿಗೆ ಸುಸ್ತಾಗುತ್ತೆ, ಗಾಳಿಯಲ್ಲಿ ತಣಿಯುವ ಎಂಜಿನ್‌ನ ಆಯಿಲ್ ಅದನ್ನು ದಾಟುವುದುಂಟು. ಹೆಚ್ಚು ಬಿಸಿ ತಡೆಯುವ ವಿಟಾನ್ ರಬ್ಬರ್ ಇದ್ದರೆ ನಿಶ್ಚಿಂತೆ. ಬಾಂಡೆಡ್ ವಾಷರ್‌ನ ಹೊರ ಅಗಲ 20.6 ಮಿ.ಮೀ. ಹತ್ತಿರ, ನಿಮ್ಮ ಚಪ್ಪಟೆ ಮುಖದ ಮೇಲೆ ಪೂರ್ತಿ ಕೂರುತ್ತಾ ನೋಡಿಕೊಳ್ಳಿ. ಅಂಚು ಹೊರಗೆ ಇಣುಕಿದರೆ ತಾಮ್ರಕ್ಕೇ ಹೋಗಿ.

ಕಬ್‌ಪ್ರೇಮಿ

ಅಲೆನ್ ಕೀ ತಲೆ ನನಗಿಷ್ಟ ಇಲ್ಲ. ಕೆಸರು, ಮರಳು ತುಂಬಿ ಕಲ್ಲಾಗುತ್ತೆ, ಒಂದು ದಿನ ಕೀ ಇಳಿಯಲ್ಲ. ಆರು ಮೂಲೆಯದೇ ವಾಸಿ.

ನೀಲಿ ಹೆಲ್ಮೆಟ್

ಆರು ಮೂಲೆಯ ತಲೆ ಕೆಳಗೆ ಜಾಸ್ತಿ ಇಳಿಬಿದ್ದಿರುತ್ತೆ. ಒಂದು ಕಲ್ಲಿಗೆ ಬಡಿದರೆ ಪ್ಲಗ್ ಜೊತೆ ಚೇಂಬರ್ ತುಂಡೂ ಹೋಗುತ್ತೆ. ಅಲೆನ್ ತೂತಿಗೆ ಗ್ರೀಸ್ ತುಂಬಿಬಿಡಿ, ಮರಳು ಕೂರಲ್ಲ.

ಕಬ್‌ಪ್ರೇಮಿ

ಗ್ರೀಸ್ ಇದ್ದರೆ ಮರಳು ಅಂಟಿಕೊಳ್ಳಲ್ವಾ?

ನೀಲಿ ಹೆಲ್ಮೆಟ್

ಮೇಲೆ ಅಂಟುತ್ತೆ, ತಳಕ್ಕೆ ಇಳಿಯಲ್ಲ. ಕೆರೆದು ತೆಗೆದರೆ ಆಯ್ತು.

ಸೆಕೆಂಡ್‌ಹ್ಯಾಂಡ್ ಸವಾರ

ಜಿ 1/4, ಡಿಐಎನ್ 908, ವಿಟಾನ್ ಬಾಂಡೆಡ್ ವಾಷರ್ ತಂದೆ. ವಾಷರ್ ಮುಖದ ಮೇಲೆ ಸರಿಯಾಗಿ ಕೂರುತ್ತೆ. ಪ್ಲಗ್ ಎರಡೂ ತುದಿ ಅಳೆದೇ ತಂದೆ, ಅಂಗಡಿಯವರು ಪ್ಲಗ್ ನೋಡುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಆದರೆ ಹೊಸ ತೊಂದರೆ. ಕೈಯಲ್ಲೇ ತಿರುಗಿಸಿದೆ, ಮೊದಲ ಸುತ್ತಲ್ಲೇ ಹಿಡಿಯಿತು, ಖುಷಿಯಾಯ್ತು. ಮೂರು ಸುತ್ತಿಗೆ ನಿಂತುಹೋಯ್ತು. ಇನ್ನೂ ಅರ್ಧಕ್ಕಿಂತ ಹೆಚ್ಚು ಹೊರಗಿದೆ. ಕೀ ಹಾಕಿ ಜೋರು ಮಾಡಲು ಧೈರ್ಯ ಬರಲಿಲ್ಲ, ಬಿಚ್ಚಿಬಿಟ್ಟೆ.

ಪಿಚ್‌ಗೇಜ್

ಬಿಚ್ಚಿದ್ದೇ ಒಳ್ಳೆಯದಾಯ್ತು. ಪ್ಲಗ್ ಮಾತ್ರ ಅಲ್ಲ, ತೂತೂ ಟೇಪರ್. ಆತ ಟೇಪರ್ ಟ್ಯಾಪ್ಪನ್ನೇ ಬಿಟ್ಟಿದ್ದಾನೆ, ಒಳಗೆ ಹೋಗುತ್ತಾ ತೂತು ಕಿರಿದಾಗಿದೆ. ಪ್ಯಾರಲಲ್ ಪ್ಲಗ್ ಅಲ್ಲಿ ಕಚ್ಚಿಕೊಂಡಿದೆ.

ಜಿ 1/4 ಟ್ಯಾಪ್ ಒಂದು ಸಲ ಬಿಡಬೇಕು. ಪಿಚ್ ಅದೇ, ದಾರಿ ಅದೇ, ಒಳಗಿನ ಕಿರಿದಾದ ಭಾಗದಲ್ಲಿ ಮಾತ್ರ ಸ್ವಲ್ಪ ಲೋಹ ಕೆರೆಯುತ್ತೆ. ಟ್ಯಾಪ್‌ನ ಮೇಲೆ ಆರ್‌ಸಿ ಅಂತ ಇಲ್ಲ, ಜಿ ಅಂತಲೇ ಇದೆ ಅನ್ನುವುದನ್ನು ಎರಡೆರಡು ಸಲ ನೋಡಿ.

ಲೇತ್‌ಮಿತ್ರ

ಇದನ್ನ ಎಂಜಿನ್ ಇಳಿಸದ ಮಾಡಬಹುದು. ಬೈಕ್ ನೆಟ್ಟಗ ನಿಂದ್ರಸ್ರಿ, ಸೈಡ್ ಸ್ಟ್ಯಾಂಡ್ ಮ್ಯಾಲ ಬ್ಯಾಡ, ಟ್ಯಾಪ್ ಸೊಟ್ಟ ಹೋಗ್ತೈತಿ. ಟ್ಯಾಪಿನ ಕಾಲುವಿ ತುಂಬ ಗಟ್ಟಿ ಗ್ರೀಸ್ ತುಂಬ್ರಿ, ಚೂರೆಲ್ಲಾ ಅದಕ್ಕ ಅಂಟಿಕೊಂಡ ಹೊರಗ ಬರ್ತಾವ. ಮೊದಲ ಬೆರಳಿನಾಗ ತಿರುಗಿಸಿ ಹಳೇ ದಾರಿ ಹಿಡಸ್ರಿ. ದಾರಿ ಸಿಕ್ಕಮ್ಯಾಲ ಹಿಡಿಕಿ ಹಾಕ್ರಿ. ಅರ್ಧ ಸುತ್ತು ಮುಂದ, ಕಾಲು ಸುತ್ತು ಹಿಂದ. ನಾಕ ಸಲ ಆದಮ್ಯಾಲ ಪೂರ್ತಿ ಹೊರಗ ತಗದು ಒರಸಿ, ಮತ್ತ ಗ್ರೀಸ್ ತುಂಬಿ ಹಾಕ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಅವಸರ ಮಾಡಿದವನ ಕೆಲಸಾನ ನೀವು ಈಗ ಸರಿ ಮಾಡಾಕತ್ತೀರಿ.

ನಡುನಡುವ ಹೊಸ ಪ್ಲಗ್ ಹಾಕಿ ನೋಡ್ರಿ. ವಾಷರ್ ಮುಖಕ್ಕ ಮುಟ್ಟೋ ತನಕ ಕೈಯಾಗ ಹೋದ್ರ ಸಾಕು, ಅಲ್ಲಿಗ ನಿಲ್ಲಸ್ರಿ.

ಮತ್ತೊಂದು. ಆಮ್ಯಾಲೆ ಮ್ಯಾಗ್ನೆಟ್ ಪ್ಲಗ್ ಚೂರು ಹಿಡಕೊಳ್ತೈತಿ ಅಂತ ಯಾರಾರ ಹೇಳ್ಯಾರು, ನಂಬಬ್ಯಾಡ್ರಿ. ಅಲ್ಯೂಮಿನಿಯಂ ಮ್ಯಾಗ್ನೆಟ್ಟಿಗೆ ಅಂಟಂಗಿಲ್ಲ. ಪ್ಲಗ್ ಹಾಕೋಕಿಂತ ಮೊದಲ ಮ್ಯಾಲಿಂದ ಸ್ವಲ್ಪ ಆಯಿಲ್ ಸುರುವಿ ಕೆಳಗ ಹರೀಲಿಕ್ಕೆ ಬಿಡ್ರಿ. ಬಿಳೇ ಬಟ್ಟಿ ಹಿಡದು ನೋಡ್ರಿ, ಬಟ್ಟಿ ಮ್ಯಾಲ ಮಿಣಮಿಣ ಇಲ್ಲದ ತನಕ.

ಗ್ರೀಸ್‌ಕೈ

ಬಿಗಿಯೋದು ಎಷ್ಟು? ನಮ್ಮ ಕಡೆ ಎಲ್ರೂ ಕೈ ಅಂದಾಜಲ್ಲೇ. ಅದಕ್ಕೇ ಈ ಗತಿ ಅನ್ನಿ.

ಪಿಚ್‌ಗೇಜ್

ಹೋಂಡಾದ 12 ಮಿ.ಮೀ. ಡ್ರೇನ್ ಪ್ಲಗ್‌ಗೆ ಮಾಡೆಲ್ ನೋಡಿಕೊಂಡು 24ರಿಂದ 30 ನ್ಯೂಟನ್ ಮೀಟರ್ ಹೇಳುತ್ತಾರೆ. ಅದು ಅಖಂಡವಾದ ಥ್ರೆಡ್ಡಿಗೆ. ಇಲ್ಲಿ ನೆತ್ತಿ ಚಪ್ಪಟೆಯಾಗಿದೆ, ಬಾಂಡೆಡ್ ವಾಷರ್‌ಗೆ ಅಷ್ಟು ಬಿಗಿತ ಬೇಕಾಗಿಯೂ ಇಲ್ಲ. ನಾನಾದರೆ 18ರಿಂದ 20ಕ್ಕೆ ನಿಲ್ಲಿಸುತ್ತೇನೆ. ತಲೆಯಿಂದ ಚೇಂಬರ್‌ವರೆಗೆ ಪೇಂಟ್‌ನಲ್ಲಿ ಒಂದು ಗೆರೆ ಎಳೆಯಿರಿ. ಸಡಿಲವಾದರೆ ಗೆರೆ ಮುರಿದು ಕಾಣುತ್ತೆ.

ಸೆಕೆಂಡ್‌ಹ್ಯಾಂಡ್ ಸವಾರ

ಮುಗಿಯಿತು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಮಾಡಿಕೊಂಡು ಒಂದು ಗಂಟೆ ಮೇಲೆ ಹಿಡಿಯಿತು. ಗ್ರೀಸ್ ಜೊತೆ ಬಂದ ಚೂರು ಬೆಳ್ಳಿ ಪುಡಿ ಕಲಸಿದ ಬೆಣ್ಣೆಯ ಹಾಗಿತ್ತು. ಐದನೇ ಸಲ ಪ್ಲಗ್ ಹಾಕಿದಾಗ ಬೆರಳಲ್ಲೇ ಸರಾಗವಾಗಿ ಹೋಗಿ ವಾಷರ್ ಮುಖಕ್ಕೆ ಟಕ್ ಅಂತ ಕೂತಿತು. ಪ್ಲಗ್ ಥ್ರೆಡ್ 12 ಮಿ.ಮೀ., ವಾಷರ್‌ಗೆ 2 ಹೋದರೆ 10 ಒಳಗಿದೆ, ತೂತಿನ ಆಳ 13, ಹಾಗಾಗಿ ಒಳಗೆ ಏನಕ್ಕೂ ತಗುಲುವುದಿಲ್ಲ. ಕಿಕ್ ಒದ್ದು ಎಂಜಿನ್ ಕೈಯಾರೆ ತಿರುಗಿಸಿ, ಗೇರ್ ಎಲ್ಲ ಬದಲಿಸಿ ನೋಡಿದೆ. 19ಕ್ಕೆ ಬಿಗಿದೆ. ಹಳದಿ ಪೇಂಟ್ ಗೆರೆ ಎಳೆದೆ.

ಸೆಕೆಂಡ್‌ಹ್ಯಾಂಡ್ ಸವಾರ

ಮೂರು ವಾರದ ನಂತರ ಬರೆಯುತ್ತಿದ್ದೇನೆ. 600 ಕಿ.ಮೀ. ಆಯ್ತು. ಕೆಳಗೆ ರಟ್ಟು ಹಾಕಿಯೇ ನಿಲ್ಲಿಸುತ್ತೇನೆ, ರಟ್ಟು ಒಣಗಿದೆ. ಪೇಂಟ್ ಗೆರೆ ನೆಟ್ಟಗಿದೆ. ಸೀಟಿನ ಕೆಳಗೆ ಒಂದು ಚೀಟಿ ಅಂಟಿಸಿದ್ದೇನೆ: "ಡ್ರೇನ್ ಪ್ಲಗ್ ಎಂ12 ಅಲ್ಲ. ಜಿ 1/4 ಪ್ಯಾರಲಲ್, ಬಾಂಡೆಡ್ ವಾಷರ್, 19 ನ್ಯೂಟನ್ ಮೀಟರ್. ಟೇಪ್ ಸುತ್ತಬೇಡಿ."

ಲೇತ್‌ಮಿತ್ರ

ಭೇಷ್. ಮುಂದ ಎಂದರ ಈ ಥ್ರೆಡ್ಡೂ ಹೋದ್ರ ಎಂ16 ಬುಷ್ಷಿಗೆ ಜಾಗ ಇನ್ನೂ ಐತಿ, ಚಿಂತಿ ಬ್ಯಾಡ.

ಗ್ರೀಸ್‌ಕೈ

ಆ ಹಳೇ ಪ್ಲಗ್ ಏನ್ ಮಾಡ್ದೆ ಗುರು?

ಸೆಕೆಂಡ್‌ಹ್ಯಾಂಡ್ ಸವಾರ

ಟೂಲ್ ಡಬ್ಬದಲ್ಲಿದೆ. ಇನ್ನು ಮೇಲೆ ಅದೇ ನನ್ನ 19ರ ಪಿಚ್ ಗೇಜ್.

ನೀಲಿ ಹೆಲ್ಮೆಟ್

ಅದಕ್ಕೂ ಒಂದು ಚೀಟಿ ಕಟ್ಟಿಡಿ. ಇಲ್ಲಾಂದ್ರೆ ಮುಂದೆ ಯಾರಾದರೂ ಅದೇ ಡಬ್ಬದಿಂದ ತೆಗೆದು ಅದೇ ತೂತಿಗೆ ಹಾಕಿಬಿಡ್ತಾರೆ.